ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಬಹುದಾ?

ಫಿಲ್ಟರ್‌ಕಾಫಿ, ಮಲ್ಲೇಶ್ವರ:
ಲ್ಯಾಪ್‌ಟಾಪ್ 2015ರದ್ದು, ವಿಂಡೋಸ್ 11 ಹಾಕಲು ಆಗುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಸ್‌ಪಿ ರೋಡಿನ ಅಂಗಡಿಯವರು ಹೊಸದೇ ತಗೊಳ್ಳಿ ಅನ್ನುತ್ತಾರೆ. ಅಪ್ಪನಿಗೆ ಬೇಕಿರುವುದು ಪೇಪರ್, ಯೂಟ್ಯೂಬ್, ಬೆಸ್ಕಾಂ ಬಿಲ್, ಕನ್ನಡ ಟೈಪಿಂಗ್. ಅಷ್ಟೇ.

ಮೆಟ್ರೋಪಯಣಿಗ:
ಧಾರಾಳವಾಗಿ ಹಾಕಿ. ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಅದರಲ್ಲಿ ಲಿನಕ್ಸ್ ಮಿಂಟ್ ನೋಡಲು ಹೆಚ್ಚುಕಮ್ಮಿ ವಿಂಡೋಸ್ ತರಾನೇ ಇದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಹಾರ್ಡ್ ಡಿಸ್ಕ್ ಮುಟ್ಟದೆ ವೈಫೈ, ಸೌಂಡ್, ಪ್ರಿಂಟರ್ ಎಲ್ಲ ಕೆಲಸ ಮಾಡುತ್ತವಾ ಅಂತ ಅಲ್ಲೇ ಗೊತ್ತಾಗುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ಲೇಔಟ್ (ಕನ್ನಡ ಅಕ್ಷರಗಳನ್ನು ಕೀಲಿಗಳಿಗೆ ಜೋಡಿಸುವ ಒಂದು ರೀತಿ) ಸಿಗುತ್ತದೆ. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಮಾತ್ರ ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಅದು ಸ್ವಲ್ಪ ತಲೆನೋವು.

ಜಯನಗರದವಳು:
ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಬಳಸುತ್ತಿದ್ದರೆ ಸುಮ್ನೆ ಕೈ ಹಾಕಬೇಡಿ, ಅದು ವಿಂಡೋಸ್‌ಗೆ ಮಾಡಿದ್ದು. ಲಿನಕ್ಸ್ ಹಾಕುವಾಗ ಡಿಸ್ಕ್‌ನಲ್ಲಿರೋದು ಅಳಿಸಿಹೋಗಬಹುದು, ಫೋಟೋಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿ, ನಾನು ಮರೆತು ಅತ್ತಿದ್ದೇನೆ!

ಫಿಲ್ಟರ್‌ಕಾಫಿ:
ಟ್ಯಾಲಿ ಇಲ್ಲ. ಇಸ್ಪೀಟ್ ಆಟ ಇರುತ್ತದಾ? ಅಪ್ಪನ ಮೊದಲ ಪ್ರಶ್ನೆ ಅದೇ.

ಮೆಟ್ರೋಪಯಣಿಗ:
ಸಾಲಿಟೇರ್ ಪುಕ್ಕಟೆ ಸಿಗುತ್ತದೆ, ಜಾಹೀರಾತೂ ಇಲ್ಲ.