ಏರ್ ರೈಫಲ್ ಸ್ಟಾಕ್‌ಗೆ ಮನೆಯಲ್ಲೇ ಕ್ಯಾಮೊ ಬಣ್ಣ: ಏನೇನು ಬೇಕು, ಯಾವ ಕ್ರಮ?

ಗೌರಿಬಿದನೂರು ಕಡೆಯವ:
0.177 ಇಂಚಿನ ಬ್ರೇಕ್-ಬ್ಯಾರೆಲ್ (ನಳಿಗೆ ಮಡಚಿ ಕಾಕ್ ಮಾಡೋ) ಏರ್ ರೈಫಲ್, ಬೀಚ್ ಮರದ ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯೋ ಮರದ ಭಾಗ). ವಾರ್ನಿಶ್ ಅಲ್ಲಲ್ಲಿ ಎದ್ದಿದೆ. ಸ್ಪ್ರೇ ಡಬ್ಬಿಯಲ್ಲಿ ಕ್ಯಾಮೊ (ಸುತ್ತಲಿನ ನೆಲದೊಂದಿಗೆ ಬೆರೆತು ಕಾಣೋ ಬಣ್ಣದ ವಿನ್ಯಾಸ) ಹೊಡೀಬೇಕು. ವಾರ್ನಿಶ್ ಪೂರ್ತಿ ಕೀಳಬೇಕಾ? ನಮ್ಮ ಕಡೆಯ ಬಂಡೆ, ಒಣಹುಲ್ಲು, ಕೆಮ್ಮಣ್ಣಿಗೆ ಯಾವ ಬಣ್ಣ ಹೊಂದುತ್ತೆ? ಎಷ್ಟು ಡಬ್ಬಿ ತರಲಿ?

ಮರಗೆಲಸ_ಚಿಂತಾಮಣಿ:
ಒಳಗೆ ಪೆಲೆಟ್ ಇಲ್ಲ, ಸ್ಪ್ರಿಂಗ್ ಕಾಕ್ ಆಗಿಲ್ಲ (ಎಳೆದು ಬಿಗಿದು ನಿಂತಿಲ್ಲ) ಅಂತ ಮೊದಲು ನೋಡ್ಕೊಳ್ಳಿ. ಮುಂದಿನ ಎರಡು ಪಕ್ಕದ ಸ್ಕ್ರೂ, ಟ್ರಿಗರ್ ಗಾರ್ಡ್ ಸ್ಕ್ರೂ ಬಿಚ್ಚಿದ್ರೆ ಸಾಮಾನ್ಯವಾಗಿ ಆಕ್ಷನ್ (ನಳಿಗೆ, ಸ್ಪ್ರಿಂಗ್, ಟ್ರಿಗರ್ ಇರೋ ಲೋಹದ ಭಾಗ) ಹೊರಗೆ ಬರುತ್ತೆ. ಸ್ಟಾಕ್‌ನ ಹಿಂತುದಿಯ (ಬಟ್) ರಬ್ಬರ್ ಪ್ಯಾಡೂ ತೆಗೀರಿ, ಬಾಗೋ ರಬ್ಬರ್ ಮೇಲೆ ಬಣ್ಣ ಬಿರುಕು ಬಿಡುತ್ತೆ.

ವಾರ್ನಿಶ್ ಎದ್ದ ಕಡೆ 120 ನಂಬರಿನ ಉಪ್ಪುಕಾಗದದಲ್ಲಿ ಪೂರ್ತಿ ಕೀಳಿ (ನಂಬರ್ ಹೆಚ್ಚಿದಷ್ಟೂ ನಯ). ಗಟ್ಟಿಯಾಗಿರೋ ಕಡೆ ಹೊಳಪು ಹೋಗುವಷ್ಟು 220 ಸಾಕು. ಕೊನೆಗೆ ಇಡೀ ಸ್ಟಾಕ್ ಅನ್ನು ಮರದ ಎಳೆಯ ದಿಕ್ಕಿನಲ್ಲೇ 320ರಿಂದ ಉಜ್ಜಿ. ಬಣ್ಣ ಕಿತ್ತು ಬರೋಕೆ ಮುಖ್ಯ ಕಾರಣ ಆಕ್ಷನ್ ಕೂರೋ ಜಾಗದ ಸುತ್ತ ಮರ ಕುಡಿದಿರೋ ಗನ್ ಎಣ್ಣೆ. ಟರ್ಪೆಂಟೈನಿನಲ್ಲಿ ಬಟ್ಟೆ ಬದಲಿಸ್ತಾ, ಕಲೆ ಬರೋದು ನಿಲ್ಲೋವರೆಗೆ ಒರೆಸಿ, ಒಂದು ದಿನ ಆರಲು ಬಿಡಿ. ಆಮೇಲೆ ಪ್ರೈಮರ್ (ಬಣ್ಣ ಹಿಡಿಯೋಕೆ ಮೊದಲು ಹೊಡೆಯೋ ತಳಪದರ).

ಸ್ಟಾಕ್‌ನಲ್ಲಿ ಆಕ್ಷನ್ ಕೂರೋ ತೋಡಿಗೆ, ಸ್ಕ್ರೂ ತೂತಿಗೆ ಟೇಪ್ ಹಾಕಲೇಬೇಕು. ಒಳಗೆ ಬಣ್ಣ ದಪ್ಪವಾದ್ರೆ ಆಕ್ಷನ್ ಸರಿಯಾಗಿ ಕೂರಲ್ಲ, ಗುರಿ ಜರುಗುತ್ತೆ. ಚೆಕರಿಂಗ್ (ಹಿಡಿತಕ್ಕೆ ಕೆತ್ತಿರೋ ಅಡ್ಡಗೆರೆಗಳ ಜಾಲ) ಇದ್ರೆ ಅದನ್ನೂ ಮುಚ್ಚಿ, ಬಣ್ಣ ತುಂಬಿಕೊಂಡರೆ ಹಿಡಿತ ಹೋಯ್ತು.

ಟಾರ್ಗೆಟ್_ಕೋಲಾರ:
ನಮ್ಮ ಬಯಲುಸೀಮೆಗೆ ಕಾಡಿನ ಕಡುಹಸಿರು ಬೇಡ, ದೂರದಿಂದ ಕಪ್ಪಾಗೇ ಕಾಣುತ್ತೆ. ಮ್ಯಾಟ್ (ಹೊಳಪಿಲ್ಲದ) ಖಾಕಿ ತಳ, ಅದರ ಮೇಲೆ ಕೆಂಪುಛಾಯೆಯ ಕಂದು, ಆಮೇಲೆ ತೆಳುವಾಗಿ ಆಲಿವ್. ತಿಳಿಯಿಂದ ಗಾಢಕ್ಕೆ ಹೋಗಬೇಕು. 400 ಮಿಲಿಯ ಖಾಕಿ ಒಂದು ಡಬ್ಬಿ ಸಾಕಾಗುತ್ತೆ, ಉಳಿದೆರಡು ಬಣ್ಣ ಅರ್ಧರ್ಧ ಉಳಿಯುತ್ತೆ.

ವಿನ್ಯಾಸಕ್ಕೆ ಸರ್ವೆ ಮರದ ಎಳೆ, ಹುಣಸೆ ಎಲೆಯ ಗರಿ ಚೆನ್ನಾಗಿ ಬರುತ್ತೆ. ಪುಸ್ತಕದೊಳಗೆ ಒತ್ತಿ ಚಪ್ಪಟೆ ಮಾಡಿ, ಖಾಕಿ ಒಣಗಿದ ಮೇಲೆ ಸ್ಟಾಕ್‌ಗೆ ಅಂಟಿದಂತೆ ಹಿಡಿದು, 20-25 ಸೆಂ.ಮೀ. ದೂರದಿಂದ ಕಂದು ಬೀಸಿ. ಎಲೆ ಎತ್ತಿದ್ರೆ ಅದರ ಆಕಾರ ಖಾಕಿಯಲ್ಲಿ ಉಳಿದಿರುತ್ತೆ. ಎಲೆ ಸ್ವಲ್ಪ ಎದ್ದಿದ್ರೂ ಅಂಚು ಮಸುಕಾಗುತ್ತೆ. ಒಂದೇ ಅಳತೆಯ ಗುರುತು ಸಾಲಾಗಿ ಬರಬಾರದು, ಉದ್ದ ಗೆರೆ ಒಡೆಯೋ ಹಾಗೆ ಅಡ್ಡಡ್ಡ ಹಾಕಿ.

ಸ್ಪ್ರೇಬೂತ್_ತುಮಕೂರು:
ಹವಾಮಾನದ ಮಾತು ಯಾರೂ ಎತ್ತಿಲ್ಲ. ಮಳೆ ತೇವ ಇರುವಾಗ ಲ್ಯಾಕರ್ (ಥಿನ್ನರ್ ಆರಿ ಬೇಗ ಒಣಗೋ ಬಣ್ಣ) ಹೊಡೆದ್ರೆ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತೆ. ಏಪ್ರಿಲ್ ಬಿಸಿಲಲ್ಲಿ ಬಣ್ಣ ಗಾಳಿಯಲ್ಲೇ ಒಣಗಿ ಉಪ್ಪುಕಾಗದದ ಥರ ಒರಟಾಗುತ್ತೆ. ಗಾಳಿ, ಧೂಳು ಏಳೋ ಮೊದಲು, ಬೆಳಗ್ಗೆ ನೆರಳಲ್ಲಿ ಹೊಡೀರಿ. ಕೋಟುಗಳ ನಡುವೆ 10-15 ನಿಮಿಷ. ದಪ್ಪಕ್ಕೆ ಒಂದೇ ಸಲ ಹೊಡೆದ್ರೆ ಸೋರುತ್ತೆ.

ಅರೆಬರೆ ಒಣಗಿದ ಎನಾಮೆಲ್ (ನಿಧಾನಕ್ಕೆ ಗಟ್ಟಿಯಾಗೋ ಬಣ್ಣ) ಮೇಲೆ ಲ್ಯಾಕರ್ ಕ್ಲಿಯರ್ (ಕೊನೆಗೆ ಹೊಡೆಯೋ ಪಾರದರ್ಶಕ ರಕ್ಷಣಾ ಪದರ) ಹಾಕಲೇಬೇಡಿ, ಥಿನ್ನರ್ ಕೆಳಗಿನ ಪದರ ಉಬ್ಬಿಸಿ ಇಡೀ ಬಣ್ಣ ಸುಕ್ಕು ಕಟ್ಟುತ್ತೆ. ಪ್ರೈಮರಿನಿಂದ ಕ್ಲಿಯರ್‌ವರೆಗೆ ಎಲ್ಲ ಒಂದೇ ಕಂಪನಿಯ ಒಂದೇ ಜಾತಿಯದು ತಗೊಳ್ಳಿ. ಮ್ಯಾಟ್ ಕ್ಲಿಯರ್ ಎರಡು ಕೋಟು, ಬೆವರು ತಾಗೋ ಕೆನ್ನೆ ಮತ್ತು ಹಿಡಿತದ ಜಾಗಕ್ಕೆ ಮೂರು. ಗಟ್ಟಿಕಾರಕ ಬೆರೆಸೋ 2ಕೆ ಕ್ಲಿಯರ್ ಇನ್ನೂ ಬಾಳುತ್ತೆ, ಆದ್ರೆ ಅದರಲ್ಲಿರೋ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಬಟ್ಟೆ ಮಾಸ್ಕ್ ನಂಬಿ ಮನೆಯಲ್ಲಿ ಮುಟ್ಟಬೇಡಿ.

ಗೌರಿಬಿದನೂರು ಕಡೆಯವ:
ಟೇಪ್ ಯಾವಾಗ ಕೀಳೋದು? ಮತ್ತೆ ಜೋಡಿಸೋದು ಯಾವಾಗ?

ಮರಗೆಲಸ_ಚಿಂತಾಮಣಿ:
ಕೊನೆ ಕೋಟು ಮುಟ್ಟಿದ್ರೆ ಅಂಟದಷ್ಟು ಆದ ಕೂಡ್ಲೇ ಟೇಪ್ ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೀರಿ, ಗಟ್ಟಿಯಾದ ಮೇಲೆ ಎಳೆದ್ರೆ ಅಂಚು ಚಕ್ಕೆ ಏಳುತ್ತೆ. ಜೋಡಿಸೋಕೆ ಕನಿಷ್ಠ ಒಂದು ವಾರ ಬಿಡಿ. ಸ್ಕ್ರೂ ತಲೆ ಕೂರೋ ಜಾಗದಲ್ಲಿ ಬಣ್ಣ ಇದ್ರೆ ಕೆರೆದು ಬಿಗಿ ಮಾಡಿ. ಜೋಡಿಸಿದ ಮೇಲೆ ಗುರಿ ನೋಡೋ ಸೈಟ್ ಮತ್ತೆ ಹೊಂದಿಸ್ಕೊಳ್ಳಿ.