ಸಹಾಯ ಬೇಕು: ಲಂಡನ್‌ನ ಸಮುದಾಯ ಕೇಂದ್ರ ಉಳಿಸಿಕೊಳ್ಳಲು ರಾತ್ರಿ ಪಾಳಿಗೆ ಜನ, ಒಬ್ಬ ವಕೀಲರು

ಖಾಲಿ ಬಿದ್ದಿದ್ದ ಬ್ಯಾಂಕ್ ಕಟ್ಟಡದಲ್ಲಿ ನಡೆಯುತ್ತಿರುವ ಕೇಂದ್ರವನ್ನು ಮಾಲೀಕರು ತೆರವು ಮಾಡಿಸಲು ಹೊರಟಿದ್ದಾರೆ. ಲಂಡನ್‌ನಲ್ಲಿರುವವರು ದಯವಿಟ್ಟು ಕೈಜೋಡಿಸಿ.

ಹಗಲೂ ರಾತ್ರಿ ಒಳಗೆ ಇಬ್ಬರಾದರೂ ಇರಲೇಬೇಕು. ಒಳಗೆ ಬರಬೇಡಿ ಎನ್ನುವವರು ಕಟ್ಟಡದಲ್ಲಿರುವಾಗ ಬಲವಂತವಾಗಿ ನುಗ್ಗುವುದು 1977ರ ಕ್ರಿಮಿನಲ್ ಕಾನೂನು ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಯಾರೂ ಇಲ್ಲದಿದ್ದರೆ ಆ ರಕ್ಷಣೆಯೇ ಇಲ್ಲ, ಹತ್ತು ನಿಮಿಷದಲ್ಲಿ ಬೀಗ ಬದಲಾಗಿಬಿಡುತ್ತದೆ. ರಾತ್ರಿ 2ರಿಂದ ಬೆಳಿಗ್ಗೆ 8ರ ಪಾಳಿಗೇ ಜನ ಸಾಲುತ್ತಿಲ್ಲ.

ಬಾಗಿಲಿಗೆ ಕೋರ್ಟ್ ಕಾಗದ ಅಂಟಿಸಿದ್ದರೆ ಪ್ರತಿ ಪುಟದ ಫೋಟೊ ತೆಗೆದು, ಸಮಯ ಬರೆದು ಕಳಿಸಿ. ಮಧ್ಯಂತರ ಸ್ವಾಧೀನ ಆದೇಶ (ಅಂತಿಮ ತೀರ್ಪಿಗೂ ಮುಂಚೆಯೇ ಕಟ್ಟಡವನ್ನು ಮಾಲೀಕರಿಗೆ ಬಿಟ್ಟುಕೊಡಿ ಎನ್ನುವ ಕೋರ್ಟ್ ಆದೇಶ) ಜಾರಿಯಾದರೆ 24 ಗಂಟೆಯಲ್ಲಿ ಹೊರಡಲೇಬೇಕು, ಇಲ್ಲವಾದರೆ ಅರೆಸ್ಟ್. ಆದೇಶಕ್ಕೂ ಮುಂಚೆ ಎನ್133 ಫಾರಂನಲ್ಲಿ ಆಕ್ಷೇಪಣೆ ಹಾಕಬೇಕು. ಇಂಥ ಕೇಸು ನಡೆಸಿದ ವಕೀಲರು ಗೊತ್ತಿದ್ದರೆ ಇವತ್ತೇ ತಿಳಿಸಿ.