ಯೂಗೌರಾ ಚಿನ್ನದ ದರೋಡೆ: ಕಾವಲಿಗೆ ನಾಲ್ಕೇ ಪೊಲೀಸರು ಯಾಕೆ?

ಸಿಡ್ನಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ಐದನೇ ಕ್ಲಾಸಿನ ಮಗಳು ಶಾಲೆಯ ಪ್ರಾಜೆಕ್ಟಿಗೆ, ಇಲ್ಲಿ ಆಸ್ಟ್ರೇಲಿಯಾದ ಯೂಗೌರಾ ಊರಿನ ಹತ್ತಿರ 1862ರಲ್ಲಿ ನಡೆದ ಚಿನ್ನದ ಗಾಡಿಯ ದರೋಡೆಯನ್ನು ಆರಿಸಿಕೊಂಡಿದ್ದಾಳೆ. "ಅಷ್ಟು ಚಿನ್ನವನ್ನು ನಾಲ್ಕೇ ಪೊಲೀಸರ ಜೊತೆ ಯಾಕಮ್ಮಾ ಕಳಿಸಿದರು? ರೈಲಿನಲ್ಲಿ ಕಳಿಸಬಹುದಿತ್ತಲ್ವಾ?" ಅಂತ ಎರಡು ದಿನದಿಂದ ಕೇಳುತ್ತಿದ್ದಾಳೆ. ಗೊತ್ತಿದ್ದವರು ಹೇಳುತ್ತೀರಾ?

ಆರೆಂಜ್ ನಿವಾಸಿ:
ಮೇಡಂ, ನಾನು ಆರೆಂಜ್ ಊರಿನಲ್ಲಿದ್ದೇನೆ. ಆ ಚಿನ್ನ ಹೊರಟಿದ್ದು ಫೋರ್ಬ್ಸ್ ಅನ್ನುವ ಗಣಿ ಊರಿನಿಂದ. ಕೆಲಸಕ್ಕಾಗಿ ವಾರಕ್ಕೊಮ್ಮೆ ನಾನು ಫೋರ್ಬ್ಸ್‌ಗೆ ಹೋಗುವುದು ಚಿನ್ನದ ಗಾಡಿ ಬಂದ ಅದೇ ದಾರಿಯಲ್ಲಿ. ಈಗಲೂ ಅದರ ಹೆಸರು 'ಎಸ್ಕಾರ್ಟ್ ವೇ', ಅಂದರೆ ಕಾವಲು ಗಾಡಿಯ ದಾರಿ.

ಮೊದಲು ರೈಲಿನ ವಿಷಯ. ಆರೆಂಜ್‌ಗೆ ರೈಲು ಬಂದಿದ್ದೇ 1877ರಲ್ಲಿ. ಅದಕ್ಕೆ ಮುಂಚೆ ಫೋರ್ಬ್ಸ್‌ನ ಚಿನ್ನ ಕುದುರೆ ಗಾಡಿಯಲ್ಲೇ ಹೊರಡಬೇಕಿತ್ತು.

ಅವತ್ತು 1862ರ ಜೂನ್ 15, ಭಾನುವಾರ. ಗಾಡಿ ಓಡಿಸುತ್ತಿದ್ದವನು ಜಾನ್ ಫೇಗನ್. ಜೊತೆಗೆ ಸಾರ್ಜೆಂಟ್ ಕಾಂಡೆಲ್ ಮತ್ತು ಮೂವರು ಕಾನ್‌ಸ್ಟೆಬಲ್‌ಗಳು. ಗಾಡಿಯಲ್ಲಿ 2,700 ಔನ್ಸ್‌ಗೂ ಜಾಸ್ತಿ ಚಿನ್ನ. ನಮ್ಮ ಲೆಕ್ಕದಲ್ಲಿ ಸುಮಾರು 84 ಕಿಲೋ! ಅದರ ಮೇಲೆ 3,700 ಪೌಂಡ್ ನಗದು.

ಕಾವಲಿಗೆ ಎಂಟು ಜನ ಇದ್ದಿದ್ದರೂ ಉಳಿಸಿಕೊಳ್ಳುವುದು ಕಷ್ಟವಿತ್ತು ಅಂತ ನನಗನ್ನಿಸುತ್ತದೆ. ಯಾಕಂದ್ರೆ ದರೋಡೆಕೋರರು ಆರಿಸಿದ್ದ ಜಾಗ ಅಂಥದ್ದು. ರಸ್ತೆಯ ಪಕ್ಕದಲ್ಲೇ ದೊಡ್ಡ ದೊಡ್ಡ ಬಂಡೆಗಳು. ಆ ದಾರಿಯಲ್ಲಿ ಬಂದ ಎತ್ತಿನ ಗಾಡಿಗಳನ್ನು ಹಿಡಿದು ರಸ್ತೆಗೆ ಅಡ್ಡ ನಿಲ್ಲಿಸಿದ್ದರು. ಎತ್ತಿನ ಗಾಡಿ ನಿಂತಿದ್ದರೆ ಯಾರಿಗೆ ಅನುಮಾನ ಬರುತ್ತದೆ? ಫೇಗನ್ ಕುದುರೆಗಳನ್ನು ನಿಧಾನ ಮಾಡಿ ಬಂಡೆಗಳ ಹತ್ತಿರಕ್ಕೆ ಸರಿದ. ಮುಖಕ್ಕೆ ಮಸಿ ಬಳಿದುಕೊಂಡು ಹಿಂದೆ ಕೂತಿದ್ದವರು ಗುಂಡು ಹಾರಿಸಿಯೇಬಿಟ್ಟರು. ಕಾಂಡೆಲ್‌ಗೂ ಮೋರಾನ್ ಅನ್ನುವ ಕಾನ್‌ಸ್ಟೆಬಲ್‌ಗೂ ಗುಂಡು ತಗುಲಿತು. ಕುದುರೆಗಳು ಬೆದರಿ ಓಡಿ ಗಾಡಿ ಮಗುಚಿಬಿತ್ತು. ಪೊಲೀಸರು ಓಡಿ ಜೀವ ಉಳಿಸಿಕೊಂಡರು. ಅವರದು ತಪ್ಪು ಅಂತ ನಾನಂತೂ ಹೇಳಲಾರೆ.

ಒಂದು ಸಲ ಗಾಡಿ ನಿಲ್ಲಿಸಿ ಆ ಬಂಡೆಯ ಹಿಂದೆ ಕೂತು ನೋಡಿದೆ. ರಸ್ತೆ ಅಷ್ಟು ಹತ್ತಿರ, ಮೈ ಜುಮ್ಮೆಂದಿತು. ಮಗಳನ್ನು ಒಮ್ಮೆ ಕರೆದುಕೊಂಡು ಬನ್ನಿ.

ಹಳೇ ನಾಣ್ಯ:
ಇದು ಆ ಹೆಸರಾಂತ ದರೋಡೆಕೋರ ಬೆನ್ ಹಾಲ್ ಗುಂಪಿನ ಕೆಲಸ ಅಲ್ವಾ? ಚಿನ್ನವೆಲ್ಲ ಇನ್ನೂ ಬೆಟ್ಟದಲ್ಲೇ ಹೂತಿದೆ ಅಂತಾರಲ್ಲ?

ಆರೆಂಜ್ ನಿವಾಸಿ:
ಹಾಲ್ ಇದ್ದ, ಆದರೆ ನಾಯಕ ಫ್ರಾಂಕ್ ಗಾರ್ಡಿನರ್. ಚಿನ್ನವೆಲ್ಲ ಅನ್ನುವುದೂ ಸರಿಯಲ್ಲ ಸರ್. ಪೊಲೀಸ್ ಸಾರ್ಜೆಂಟ್ ಸ್ಯಾಂಡರ್ಸನ್ ತಂಡ ಬೆನ್ನಟ್ಟಿದಾಗ ದರೋಡೆಕೋರರು ಹೊರೆಕುದುರೆಯನ್ನು ಬಿಟ್ಟು ಓಡಿದರು. ಅದರ ಮೇಲೆ ಸುಮಾರು 1,500 ಔನ್ಸ್ ಸಿಕ್ಕಿತು. ಅಂದರೆ ಅರ್ಧಕ್ಕಿಂತ ಜಾಸ್ತಿ. ಜಾಡು ಹಿಡಿದುಕೊಟ್ಟವನು ಒಬ್ಬ ಮೂಲನಿವಾಸಿ. ಮೇಡಂ, ಮಗಳ ಪ್ರಾಜೆಕ್ಟಿನಲ್ಲಿ ಅವನಿಗೆ ಒಂದು ಸಾಲಾದರೂ ಇರಲಿ. ಬೆನ್ ಹಾಲ್ ಬಗ್ಗೆ ಎಲ್ಲರೂ ಬರೆಯುತ್ತಾರೆ.

ಸಿಡ್ನಿಯ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್. ಎತ್ತಿನ ಗಾಡಿಯ ಚಿತ್ರ ಬರೆಯಲು ಆಗಲೇ ಕೂತಿದ್ದಾಳೆ. ಸಿಕ್ಕಿಬಿದ್ದವರಿಗೆ ಏನಾಯಿತು ಅಂತ ಕೇಳುತ್ತಿದ್ದಾಳೆ.

ಆರೆಂಜ್ ನಿವಾಸಿ:
ಗುಂಪಿನಲ್ಲಿದ್ದ ಡ್ಯಾನ್ ಚಾರ್ಟರ್ಸ್ ಸರ್ಕಾರದ ಕಡೆ ಸಾಕ್ಷಿ ಹೇಳಿದ. ಸಿಕ್ಕಿಬಿದ್ದವರಲ್ಲಿ ಬೋ, ಫೋರ್ಡೈಸ್ ಇಬ್ಬರಿಗೂ ಗಲ್ಲು ತಪ್ಪಿ ಜೀವಾವಧಿ ಆಯಿತು. ಹೆನ್ರಿ ಮ್ಯಾನ್ಸ್‌ಗೆ ಮಾತ್ರ ತಪ್ಪಲಿಲ್ಲ. 1863ರ ಮಾರ್ಚ್ 26ರಂದು ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಯಕ ಗಾರ್ಡಿನರ್ 1864ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಸಿಕ್ಕಿಬಿದ್ದ. 32 ವರ್ಷ ಶಿಕ್ಷೆಯಾಯಿತು. ಹತ್ತೇ ವರ್ಷಕ್ಕೆ, ದೇಶ ಬಿಡಬೇಕು ಅನ್ನುವ ಷರತ್ತಿನ ಮೇಲೆ ಬಿಡುಗಡೆ. ಅಮೆರಿಕಕ್ಕೆ ಹೋದ. ಮ್ಯಾನ್ಸ್ ವಿಷಯ ಓದಿದಾಗಲೆಲ್ಲ ನನಗೆ ಹೊಟ್ಟೆ ಸಂಕಟವಾಗುತ್ತದೆ.